ಮನೆಯಲ್ಲೇ ನಕ್ಷತ್ರ, ಗೋದಲಿ: ಕಳೆದ ವರ್ಷ ಕೆಟ್ಟಿದ್ದು ಯಾಕೆ, ಈ ವರ್ಷ ಏನು ಮಾಡಬಹುದು?

ಪ್ರಶ್ನೆ: ಮೇಡಂ, ನಮ್ಮದು ಬಂಟ್ವಾಳದ ಹತ್ತಿರ ತೋಟದ ಮನೆ. ಅತ್ತೆ, ಮಾವ, 9 ವರ್ಷದ ಮಗಳು, 2 ವರ್ಷದ ಮಗ ಮತ್ತು ನಾನು ಇರುವುದು. ಗಂಡ ದುಬೈಯಲ್ಲಿದ್ದಾರೆ, ಹಬ್ಬಕ್ಕೆ 20ನೇ ತಾರೀಕಿನ ಹೊತ್ತಿಗೆ ಬರುತ್ತಾರೆ. ಕಳೆದ ಕ್ರಿಸ್ಮಸ್‌ಗೆ ಅಲಂಕಾರ ಎಲ್ಲ ಮನೆಯಲ್ಲೇ ಮಾಡೋಣ ಅಂತ ಹೊರಟೆವು. ಬಿದಿರಿನ ನಕ್ಷತ್ರ ಸೊಟ್ಟಗಾಯಿತು. ಒಂದೇ ವಾರದಲ್ಲಿ ಇಬ್ಬನಿಗೆ ಕಾಗದ ಜೋತುಬಿದ್ದು ಹರಿಯಿತು. ಗದ್ದೆ ಮಣ್ಣಿನಲ್ಲಿ ಮಾಡಿದ ಕುರುಬರ ಗೊಂಬೆಗಳು ಒಣಗುವಾಗಲೇ ಬಿರುಕುಬಿಟ್ಟವು. ಮೊಬೈಲಿನಲ್ಲಿ ನೋಡಿ ಮೈದಾ, ಉಪ್ಪು ಕಲಸಿ ಮಾಡಿದ ಗಂಟೆಗಳು ಮೆತ್ತಗಾದವು. ಥರ್ಮೋಕೋಲಿನಲ್ಲಿ ಮಾಡಿದ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಸ್ಪ್ರೇ ಪೇಂಟ್ ಹೊಡೆದರೆ ಅದು ಕರಗಿಯೇ ಹೋಯಿತು. ಅತ್ತೆಯವರು, "ಕಾಗದದ ನಕ್ಷತ್ರದೊಳಗೆ ಬಲ್ಬ್ ಹಾಕಿದರೆ ಬೆಂಕಿ ಹಿಡಿಯುತ್ತದೆ, ಸುಮ್ನೆ ಪ್ಲಾಸ್ಟಿಕ್ ನಕ್ಷತ್ರ ತಂದು ತೂಗುಹಾಕಿ" ಅನ್ನುತ್ತಾರೆ. ಮಾವ ಮೊದಲು ಬಿದಿರಿನ ನಕ್ಷತ್ರ ಕಟ್ಟುತ್ತಿದ್ದರಂತೆ, ಈಗ ಕೈ ನಡುಗುತ್ತದೆ. ಮಗಳಿಗೆ, ಪಕ್ಕದ ಮನೆಯ ಅಂಗಡಿ ಸಾಮಾನಿನ ಮುಂದೆ ನಮ್ಮದು ಚೆನ್ನಾಗಿಲ್ಲ ಅಂತ ಬೇಸರ. ನಮ್ಮ ಕೈಗೆ ಇದು ಆಗುವ ಕೆಲಸವೇ ಅಲ್ಲವಾ? ಈ ವರ್ಷ ಏನು ಮಾಡಬಹುದು, ಏನು ಬಿಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಕೆಟ್ಟುಹೋದ ವಸ್ತುಗಳ ಪಟ್ಟಿ ಉದ್ದವಿದೆ. ಆದರೆ ಅದನ್ನು ನಿಧಾನಕ್ಕೆ ಓದಿದರೆ ಒಂದು ವಿಷಯ ಕಾಣುತ್ತದೆ. ಯಾವುದೂ ನಿಮ್ಮ ಕೈಯ ಕೆಲಸ ಸರಿಯಿಲ್ಲದೆ ಕೆಟ್ಟಿದ್ದಲ್ಲ. ಪ್ರತಿಯೊಂದಕ್ಕೂ ಒಂದು ಕಾರಣವಿದೆ. ಕೆಲವು ನಮ್ಮ ಕರಾವಳಿಯ ಹವೆಗೆ ಹೊಂದದ ಸಾಮಾನು, ಕೆಲವು ಯಾರೂ ಹೇಳಿಕೊಡದ ಒಂದು ಸಣ್ಣ ಹೆಜ್ಜೆ. ಶಾಲೆಯಲ್ಲಿ ಕ್ರಾಫ್ಟ್ ಕಲಿಸುವವಳಾಗಿ ಪ್ರತಿ ಡಿಸೆಂಬರಿನಲ್ಲಿ ನಾನು ನೋಡುವುದು ಇವೇ ತೊಂದರೆಗಳನ್ನು. ಆದ್ದರಿಂದ "ನಮ್ಮ ಕೈಗೆ ಆಗುವುದಿಲ್ಲ" ಎನ್ನುವ ಮಾತನ್ನು ಮೊದಲು ಬಿಟ್ಟುಬಿಡಿ. ನಿಮ್ಮ ಮನೆಯಲ್ಲಿ ಬಿದಿರು ಗೊತ್ತಿರುವ ಮಾವ ಇದ್ದಾರೆ, ತೋಟ ಇದೆ, ಗದ್ದೆಯ ಮಣ್ಣಿದೆ. ಅಂಗಡಿಯ ಸಾಮಾನನ್ನು ನಕಲು ಮಾಡಲು ಹೋಗದೆ ತೋಟದಲ್ಲಿರುವುದರಿಂದ ಶುರು ಮಾಡಿದರೆ ಕೆಲಸ ಅರ್ಧ ಸುಲಭವಾಗುತ್ತದೆ.

ನಕ್ಷತ್ರದಿಂದಲೇ ಹೊರಡೋಣ, ಯಾಕೆಂದರೆ ಮನೆಗೆ ಹಬ್ಬ ಬಂತು ಅಂತ ದಾರಿಯವರಿಗೆ ಹೇಳುವುದು ಅದೇ ಅಲ್ವಾ.

ಸೊಟ್ಟಗಾಗಲು ಕಾರಣ ಹೆಚ್ಚಾಗಿ ಒಂದೇ. ಐದು ತುದಿಗಳನ್ನು ಮಾತ್ರ ಕಟ್ಟಿ, ಒಳಗೆ ಕಡ್ಡಿಗಳು ಒಂದರ ಮೇಲೊಂದು ಹಾಯುವ ಐದು ಜಾಗಗಳನ್ನು ಹಾಗೇ ಬಿಟ್ಟಿರುತ್ತಾರೆ. ತುದಿ ಮಾತ್ರ ಕಟ್ಟಿದ ನಕ್ಷತ್ರ ಎಳೆದ ಕಡೆಗೆ ವಾಲುತ್ತದೆ. ಒಳಗಿನ ಐದೂ ಕಡೆ ದಾರ ಬಿದ್ದರೆ ಪ್ರತಿ ತುದಿಯಲ್ಲೂ ಒಂದೊಂದು ತ್ರಿಕೋನ ಆಗುತ್ತದೆ. ತ್ರಿಕೋನ ವಾಲುವುದಿಲ್ಲ.

ಇನ್ನೊಂದು ಕಾರಣ, ಆ ಐದು ಜಾಗಗಳನ್ನು ಕಣ್ಣಂದಾಜಿನಲ್ಲಿ ಹಿಡಿಯುವುದು. ಇದಕ್ಕೆ ಒಂದು ಖಚಿತ ಅಳತೆ ಇದೆ. ತುದಿಯ ಕಟ್ಟಿನಿಂದ ತುದಿಯ ಕಟ್ಟಿಗೆ 60 ಸೆಂಟಿಮೀಟರ್ ಇರುವ ಕಡ್ಡಿಯಾದರೆ, ಎರಡೂ ಕಡೆಯಿಂದ 23 ಸೆಂಟಿಮೀಟರಿಗೆ ಗುರುತು ಹಾಕಿ. ನಡುವೆ 14 ಉಳಿಯುತ್ತದೆ. ಬೇರೆ ಉದ್ದ ಬೇಕಿದ್ದರೆ ಉದ್ದವನ್ನು 0.382ರಿಂದ ಗುಣಿಸಿ, ಗುರುತಿನ ಜಾಗ ಸಿಗುತ್ತದೆ. ಈ ಲೆಕ್ಕವನ್ನು ಮಗಳ ಕೈಗೆ ಕೊಡಿ. ಸ್ಕೇಲು, ಪೆನ್ಸಿಲು, ಹತ್ತು ಕಡ್ಡಿ ಕೊಟ್ಟು, "ಗುರುತು ಹಾಕುವುದು ನಿನ್ನ ಜವಾಬ್ದಾರಿ" ಅನ್ನಿ. ಜರ್ಮನಿಯಲ್ಲಿ ಕ್ರಿಸ್ಮಸ್‌ಗೆ ತೂಗುಹಾಕುವ ಮೊರಾವಿಯನ್ ನಕ್ಷತ್ರ 19ನೇ ಶತಮಾನದಲ್ಲಿ ಒಂದು ಶಾಲೆಯ ರೇಖಾಗಣಿತದ ಪಾಠದಲ್ಲೇ ಹುಟ್ಟಿದ್ದು.

ಕಡ್ಡಿ ಸುಮಾರು ಒಂದು ಸೆಂಟಿಮೀಟರ್ ಅಗಲ, ಮೂರು ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಬಿದಿರಿನ ಗಟ್ಟಿತನ ಇರುವುದು ಹೊರಗಿನ ಸಿಪ್ಪೆಯ ಕಡೆ. ಒಳಗಿನ ಬಿಳಿ ಭಾಗ ಮೆದು, ಹುಳಕ್ಕೂ ಇಷ್ಟ. ಸೀಳುವಾಗ ಒಳಭಾಗ ಕೆತ್ತಿ ಹೊರಭಾಗ ಉಳಿಸಿಕೊಳ್ಳಬೇಕು. ಇದು ಕತ್ತಿಯ ಕೆಲಸ, ದೊಡ್ಡವರದು. ಮಾವನವರಿಗೆ ಕೈ ನಡುಗುತ್ತದೆ ಅಂದಿರಿ. ಕತ್ತಿ ನೀವೋ ತೋಟಕ್ಕೆ ಬರುವ ಕೆಲಸದವರೋ ಹಿಡಿಯಿರಿ. ಯಾವ ಬಿದಿರು, ಎಲ್ಲಿ ಗಂಟು ಬರಬಾರದು, ಎಷ್ಟು ತೆಳು ಸಾಕು ಎಂದು ಅವರು ಕೂತು ಹೇಳಲಿ. ಸೀಳಿದ ಮೇಲೆ ಮರಳುಕಾಗದದಿಂದ ಎರಡೂ ಅಂಚು ಉಜ್ಜಿ. ಬಿದಿರಿನ ಸಿಬಿರು ಕೈಗೆ ಹೊಕ್ಕರೆ ಮಕ್ಕಳು ಮತ್ತೆ ಆ ಕಡೆ ಸುಳಿಯುವುದಿಲ್ಲ.

ಇನ್ನು ಕಟ್ಟುವುದು. ಪೆನ್ಸಿಲ್ ಎತ್ತದೆ ನಕ್ಷತ್ರ ಬರೆಯುವ ಹಾಗೇ ಐದು ಕಡ್ಡಿಗಳನ್ನು ನೆಲದಲ್ಲಿ ಜೋಡಿಸಿ. ಒಂದು ಕಡ್ಡಿ ಮೇಲೆ, ಮುಂದಿನದು ಕೆಳಗೆ ಬರುವ ಹಾಗೆ ಹೆಣೆಯಿರಿ. ತುದಿ ಕಟ್ಟಿ, ಆಮೇಲೆ ಗುರುತುಗಳನ್ನು ಒಂದರ ಮೇಲೊಂದು ತಂದು ಕಟ್ಟಿ. ಹತ್ತಿಯ ದಾರ ಒಳ್ಳೆಯದು, ನೈಲಾನ್ ದಾರ ಬಿದಿರಿನ ಮೇಲೆ ಜಾರುತ್ತದೆ. ಇಲ್ಲಿ ಮಾವ ಎರಡು ಬೆರಳಲ್ಲಿ ಕಟ್ಟಿನ ಜಾಗ ಒತ್ತಿ ಹಿಡಿದರೆ ಮಗಳು ದಾರ ಸುತ್ತಬಹುದು. ಒತ್ತಿ ಹಿಡಿದ ಕೈ ಅಷ್ಟಾಗಿ ನಡುಗುವುದಿಲ್ಲ. ಹೀಗೆ ಎರಡು ನಕ್ಷತ್ರ ಆದ ಮೇಲೆ ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ಸೇರಿಸಿ ಕಟ್ಟಿ. ಕೊನೆಗೆ 12 ಸೆಂಟಿಮೀಟರಿನ ಐದು ಗಿಡ್ಡ ಕಡ್ಡಿಗಳನ್ನು, ಎರಡೂ ತುದಿಗೆ ಸಣ್ಣ ಕಚ್ಚು ಮಾಡಿ, ಒಳಗಿನ ಐದು ಕಟ್ಟುಗಳ ನಡುವೆ ನಿಲ್ಲಿಸಿ. ಚಪ್ಪಟೆ ಇದ್ದದ್ದು ಉಬ್ಬಿ ನಿಲ್ಲುತ್ತದೆ. ಮಕ್ಕಳು ಕೂಗುವುದು ಆ ಹೊತ್ತಿಗೇ. ದಯವಿಟ್ಟು ಮಕ್ಕಳು ಮಲಗಿದ ಮೇಲೆ ಈ ಕೆಲಸ ಮುಗಿಸಬೇಡಿ.

ಕಾಗದ ಜೋತುಬಿದ್ದದ್ದಕ್ಕೆ ಇಬ್ಬನಿಯೇ ಕಾರಣ, ಅದು ಸರಿ. ಕಾಗದ ತೇವ ಹೀರಿದರೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ನಮ್ಮಲ್ಲಿ ಡಿಸೆಂಬರಿನ ರಾತ್ರಿ ಇಬ್ಬನಿ, ಹಗಲು ಸುಡುವ ಬಿಸಿಲು. ದಿನಾ ಹಿಗ್ಗಿ ಕುಗ್ಗಿದ ಕಾಗದ ಕಡ್ಡಿಯ ಅಂಚಿನಲ್ಲೇ ಹರಿಯುವುದು. ಕೆಲವರು ಕಾಗದಕ್ಕೆ ತೆಂಗಿನೆಣ್ಣೆ ಸವರಿ ಎನ್ನುತ್ತಾರೆ. ನೀರು ಜಾರುತ್ತದೆ, ಬೆಳಕೂ ಚೆನ್ನಾಗಿ ಬರುತ್ತದೆ, ಎರಡೂ ನಿಜ. ಆದರೆ ಎಣ್ಣೆ ಹೀರಿದ ಕಾಗದ ಬೆಂಕಿ ತಾಗಿದರೆ ಬತ್ತಿಯೇ. ಬಲ್ಬ್ ಹಾಕುವ ನಕ್ಷತ್ರಕ್ಕೆ ಅದು ಬೇಡವೇ ಬೇಡ.

ಸುಲಭದ ದಾರಿ ಎಂದರೆ ನಕ್ಷತ್ರವನ್ನು ಹಲಸಿನ ಮರಕ್ಕೆ ಕಟ್ಟುವ ಬದಲು ಮಾಡಿನ ಕೆಳಗೆ, ಜಗಲಿಯ ಹತ್ತಿರ ತೂಗುಹಾಕುವುದು. ಇಬ್ಬನಿ ಬೀಳುವುದು ಆಕಾಶಕ್ಕೆ ತೆರೆದಿರುವುದರ ಮೇಲೆ. ಮಾಡಿನ ಕೆಳಗಿನ ನಕ್ಷತ್ರ ಜನವರಿವರೆಗೂ ಬಾಳುತ್ತದೆ. ಮರಕ್ಕೇ ಬೇಕು ಅಂತಾದರೆ ಕಾಗದ ಬಿಟ್ಟು ಹಳೆಯ ಬಿಳಿ ಹತ್ತಿಬಟ್ಟೆ ಹೊದಿಸಿ. ಹಳೆ ಬೆಡ್‌ಶೀಟ್ ಆದೀತು. ಬೆಳಕು ಸ್ವಲ್ಪ ಮಂಕಾಗುತ್ತದೆ, ಆದರೆ ಹರಿಯುವುದಿಲ್ಲ, ಮುಂದಿನ ವರ್ಷ ಒಗೆದು ಮತ್ತೆ ಹಾಕಬಹುದು.

ಕಾಗದವನ್ನು ಕಡ್ಡಿಗಿಂತ ಎರಡು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ಕಡ್ಡಿಯ ಮೇಲಿಂದ ಒಳಗೆ ಮಡಚಿ ಅಂಟಿಸಿ. ಅಂಟಿಗೆ ಮೈದಾ ಗಂಜಿ ಸಾಕು, ಒಂದು ಚಮಚ ಮೈದಾಕ್ಕೆ ಅರ್ಧ ಲೋಟ ನೀರು ಹಾಕಿ, ಗಂಟಿಲ್ಲದ ಹಾಗೆ ಕಲಸಿ, ಕಾಯಿಸಿದರೆ ಆಯಿತು. ಮಗಳು ಕೈಯಲ್ಲೇ ಸವರಬಹುದು. ಹಿಂದೆ ಹುಳ ಬರಬಾರದು ಅಂತ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅಡಿಕೆ ತೋಟದವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಅದು ವಿಷ. ಮಕ್ಕಳು ಮುಟ್ಟುವ ಅಂಟಿಗೆ ಹಾಕಬೇಡಿ. ಬೇಕಾದಷ್ಟೇ ಮಾಡಿ, ಅಂದೇ ಮುಗಿಸಿ. ಇನ್ನೊಂದು ಮಾತು, ಜಿಲೆಟಿನ್ ಕಾಗದ ಅಂತ ಅಂಗಡಿಯವರು ಕೊಡುವುದು ಪ್ಲಾಸ್ಟಿಕ್ ಹಾಳೆಯಾಗಿದ್ದರೆ ಅದಕ್ಕೆ ಮೈದಾ ಅಂಟೂ ಹಿಡಿಯದು, ಫೆವಿಕಾಲೂ ಹಿಡಿಯದು. ನೀರಿನ ಅಂಟು ಹಿಡಿಯಬೇಕಾದರೆ ಮೇಲ್ಮೈ ನೀರು ಹೀರಬೇಕು.

ಹಿಂಬದಿಯ ನಡುವಿನ ಐದು ಮೂಲೆಯ ಕಿಂಡಿಗೆ ಕಾಗದ ಹಚ್ಚಬೇಡಿ. ಬಲ್ಬ್ ಹೋಗುವುದು ಅಲ್ಲಿಂದ, ಬಿಸಿ ಹೊರಬರುವುದೂ ಅಲ್ಲಿಂದ.

ಈಗ ಅತ್ತೆಯವರ ಮಾತಿಗೆ ಬರೋಣ. ಅವರ ಹೆದರಿಕೆಯಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಬೇಡಿ. ಅವರ ಕಾಲದಲ್ಲಿ ನಕ್ಷತ್ರದೊಳಗೆ 40, 60 ವ್ಯಾಟಿನ ಬಲ್ಬ್ ಹಾಕುತ್ತಿದ್ದರು. ತಂತಿ ಕಾದು ಉರಿಯುವ ಆ ಬಲ್ಬುಗಳಲ್ಲಿ ವಿದ್ಯುತ್ತಿನ ಹೆಚ್ಚಿನ ಪಾಲು ಬಿಸಿಯಾಗಿಯೇ ಹೋಗುತ್ತದೆ. ಕಾಗದ ತಾಗಿದರೆ ಕಪ್ಪಾಗಿ, ಆಮೇಲೆ ಹೊತ್ತಿಕೊಳ್ಳುತ್ತದೆ. ಜೀರೋ ಬಲ್ಬ್ ಅಂತ ಕರೆಯುವುದು ಕೂಡ ಜೀರೋ ಅಲ್ಲ, ಹಳೆಯ ಮಾದರಿಯದ್ದಾದರೆ 10ರಿಂದ 15 ವ್ಯಾಟ್ ಎಳೆಯುತ್ತದೆ. ಇವತ್ತು ಅರ್ಧ ವ್ಯಾಟಿನ ಎಲ್‌ಇಡಿ ನೈಟ್ ಲ್ಯಾಂಪ್ ಸಿಗುತ್ತದೆ. 60 ಸೆಂಟಿಮೀಟರಿನ ನಕ್ಷತ್ರ ರಾತ್ರಿ ಬೆಳಗಲು ಅದು, ಜಾಸ್ತಿ ಎಂದರೆ 3 ವ್ಯಾಟಿನದ್ದು, ಸಾಕು. ಅದನ್ನು ಗಂಟೆಗಟ್ಟಲೆ ಉರಿಸಿ ಮುಟ್ಟಿ ನೋಡಿದರೂ ಬುಡ ಬೆಚ್ಚಗಿರುತ್ತದೆ, ಅಷ್ಟೇ. ಹಾಗಾಗಿ ಬೆಂಕಿಯ ಭಯ ಕಾಗದದಿಂದಲ್ಲ, ತಪ್ಪು ಬಲ್ಬಿನಿಂದ.

ಆದರೆ "ಎಲ್‌ಇಡಿ ಅಲ್ವಾ, ಏನೂ ಆಗಲ್ಲ" ಎನ್ನುವುದು ಇನ್ನೊಂದು ತಪ್ಪು ನಂಬಿಕೆ, ನನಗೆ ಇದರದ್ದೇ ಹೆಚ್ಚು ಭಯ. ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವ ಸೀರಿಯಲ್ ಸೆಟ್ಟಿನ ಪುಟ್ಟ ದೀಪಗಳು ತಣ್ಣಗೇ ಇರುತ್ತವೆ. ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದ ಅಗ್ಗದ ಸೆಟ್ಟುಗಳ ತೆಳು ವೈರಿನಲ್ಲಿ ಹರಿಯುವುದು ಮನೆಯ ಅದೇ 230 ವೋಲ್ಟ್. ಎಲ್ಲಾದರೂ ವೈರಿನ ಸಿಪ್ಪೆ ಸುಲಿದಿದ್ದರೆ, ಇಬ್ಬನಿಯಲ್ಲಿ ನೆನೆದಿದ್ದರೆ, 2 ವರ್ಷದ ಮಗು ಬಾಯಿಗೆ ಹಾಕಿದರೆ ಪ್ರಾಣಾಪಾಯ. ಕಳೆದ ವರ್ಷದ ಸೆಟ್ಟನ್ನು ಹಾಗೇ ಚುಚ್ಚಬೇಡಿ. ಮೊದಲು ಪ್ಲಗ್ಗಿಗೆ ಹಾಕದೆ, ಹಗಲಿನಲ್ಲಿ ಇಡೀ ವೈರನ್ನು ನೋಡಿ. ಅಟ್ಟದಲ್ಲಿಟ್ಟಿದ್ದರೆ ಇಲಿ ಕಚ್ಚಿರುವುದೇ ಹೆಚ್ಚು. ಕಚ್ಚಿದ ಸೆಟ್ಟಿಗೆ ಸೆಲ್ಲೋಟೇಪ್ ಸುತ್ತಿ ಬಳಸುವವರಿದ್ದಾರೆ. ಅದನ್ನು ಬಿಸಾಡಿ, ಹೊಸದು ತನ್ನಿ.

ನಕ್ಷತ್ರದ ಭಾರ ಯಾವತ್ತೂ ವೈರಿನ ಮೇಲೆ ಬೀಳಬಾರದು. ಎರಡು ತುದಿಗಳಿಗೆ ಎರಡು ಹಗ್ಗ ಕಟ್ಟಿ ತೂಗುಹಾಕಿ. ಒಂದೇ ಹಗ್ಗವಾದರೆ ಗಾಳಿಗೆ ಸುತ್ತುತ್ತದೆ, ವೈರು ಹುರಿಯಾಗಿ ಹೋಲ್ಡರಿನಲ್ಲಿ ಸಡಿಲವಾಗುತ್ತದೆ. ಎಕ್ಸ್‌ಟೆನ್ಶನ್ ಬಾಕ್ಸು ಅಂಗಳದ ನೆಲದಲ್ಲಿ ಬೇಡ, ಜಗಲಿಯ ಒಳಗೆ, ಮಗುವಿಗೆ ಎಟುಕದ ಎತ್ತರದಲ್ಲಿ ಇರಲಿ. ಮನೆಯ ಬೋರ್ಡಿನಲ್ಲಿ ವಿದ್ಯುತ್ ಸೋರಿದರೆ ತಕ್ಷಣ ಕರೆಂಟ್ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಕೇಳಿ. ಇಲ್ಲದಿದ್ದರೆ ಹಾಕಿಸಿ, ಅದು ಹಬ್ಬಕ್ಕೆ ಮಾತ್ರ ಬೇಕಾದ ಖರ್ಚಲ್ಲ. ಮಲಗುವ ಮುಂಚೆ ಸ್ವಿಚ್ ಆಫ್ ಮಾಡುವ ಕೆಲಸ ಅತ್ತೆಯವರಿಗೆ ವಹಿಸಿ. ಹೆದರಿಕೆ ಇರುವವರೇ ಅದನ್ನು ಮರೆಯದೆ ಮಾಡುತ್ತಾರೆ.

ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಇಬ್ಬನಿಗೆ ಜಗ್ಗುವುದಿಲ್ಲ, ನಾಲ್ಕೈದು ವರ್ಷ ಬರುತ್ತದೆ. ಆದರೆ ಅದರೊಳಗೂ ದೊಡ್ಡ ಬಲ್ಬ್ ಹಾಕಿದರೆ ಪ್ಲಾಸ್ಟಿಕ್ ಕರಗುತ್ತದೆ. ಅಂದರೆ ಅದು ಅತ್ತೆಯವರ ಭಯಕ್ಕೆ ಉತ್ತರವಲ್ಲ.

ಥರ್ಮೋಕೋಲ್ ಕರಗಿದ್ದು ಯಾಕೆಂದರೆ ಸ್ಪ್ರೇ ಪೇಂಟಿನಲ್ಲಿರುವ ದ್ರಾವಕ ಅದನ್ನು ತಿನ್ನುತ್ತದೆ. ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟು, ನೇಲ್ ಪಾಲಿಶ್ ತೆಗೆಯುವ ದ್ರವ ಎಲ್ಲವೂ ಹಾಗೇ ಮಾಡುತ್ತವೆ. ಹೊತ್ತಿಕೊಂಡರೆ ಕರಿ ಹೊಗೆ ಬರುತ್ತದೆ. ಅಷ್ಟಲ್ಲದೆ ಅಲಂಕಾರದ ಥರ್ಮೋಕೋಲ್ ಮಾರಾಟವನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ. ಅದನ್ನು ಪೂರ್ತಿ ಬಿಡಿ. ನಿಮ್ಮ ತೋಟದಲ್ಲಿ ಅದಕ್ಕಿಂತ ಒಳ್ಳೆಯ ಹಾಳೆ ದಿನಾ ಬಿದ್ದಿರುತ್ತದೆ.

ಅಡಿಕೆ ಹಾಳೆಯ ಮಾತು ಹೇಳುತ್ತಿದ್ದೇನೆ. ಒಣಗಿದ ಹಾಳೆಯನ್ನು ತೊಳೆದು ಅರ್ಧ ಗಂಟೆ ನೀರಿನಲ್ಲಿ ನೆನೆಸಿದರೆ ಚರ್ಮದ ಹಾಗೆ ಮೆತ್ತಗಾಗುತ್ತದೆ. ಕತ್ತರಿಯಲ್ಲಿ ಸಲೀಸಾಗಿ ಕತ್ತರಿಸಬಹುದು. ಗೋದಲಿಯ ಗೋಡೆ, ಮಾಡು, ಸಣ್ಣ ನಕ್ಷತ್ರ, ದೇವದೂತರ ರೆಕ್ಕೆ ಎಲ್ಲ ಆಗುತ್ತದೆ. ಕತ್ತರಿಸಿದ ಮೇಲೆ ಒದ್ದೆ ಇರುವಾಗಲೇ ಎರಡು ಹಲಗೆಯ ನಡುವೆ ಇಟ್ಟು ಕಲ್ಲು ಹೇರಿ, ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ. ಮಾರನೇ ದಿನ ಬಿಸಿಲಿಗೆ ಹಾಕಿ ಗರಿಗರಿಯಾಗಿ ಒಣಗಿಸಿ. ಹಸಿ ಉಳಿದರೆ ಬೂಸ್ಟು ಹಿಡಿಯುತ್ತದೆ. ಇದರ ಅಪಾಯ ಎಂದರೆ ಇಷ್ಟೇ. ಒಣ ಹಾಳೆಯ ಕಂದು ಬಣ್ಣವೇ ಚೆಂದ, ಪೇಂಟ್ ಬೇಕಾಗುವುದಿಲ್ಲ. ನನ್ನ ಮಟ್ಟಿಗೆ ಕರಾವಳಿಯಲ್ಲಿ ಗೋದಲಿಗೆ ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ.

ಗಂಟೆಗಳಿಗೆ ತೆಂಗಿನ ಗೆರಟೆ ತೆಗೆದುಕೊಳ್ಳಿ, ಕಣ್ಣಿರುವ ಅರ್ಧ ಭಾಗ. ಮೂರು ಕಣ್ಣಲ್ಲಿ ಒಂದು ಮೆತ್ತಗಿರುತ್ತದೆ, ಅದನ್ನು ಮೊಳೆಯಿಂದ ಚುಚ್ಚಿದರೆ ದಾರ ಹೋಗುವ ತೂತು ತಯಾರು, ಡ್ರಿಲ್ ಬೇಡ. ಹೊರಗಿನ ನಾರನ್ನು ಮರಳುಕಾಗದದಿಂದ ತಿಕ್ಕಿ ನುಣುಪು ಮಾಡಿ. ಹಿಂದಿನವರು ಒಡೆದ ಗಾಜಿನಿಂದ ಹೆರೆಯುತ್ತಿದ್ದರು, ಮಕ್ಕಳ ಮುಂದೆ ಅದು ಬೇಡ. ಕೊನೆಗೆ ಒಂದು ತೊಟ್ಟು ಎಣ್ಣೆ ಹಾಕಿ ಒರೆಸಿದರೆ ಕಪ್ಪಗೆ ಹೊಳೆಯುತ್ತದೆ.

ಉಪ್ಪಿನ ಹಿಟ್ಟು ಮೆತ್ತಗಾದದ್ದರಲ್ಲಿ ನಿಮ್ಮ ತಪ್ಪಿಲ್ಲ. ಆ ವಿಧಾನ ಒಣ ಹವೆಯ ಊರುಗಳದ್ದು. ಗಾಳಿಯಲ್ಲಿನ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ಕಡೆ ಡಿಸೆಂಬರಿನ ರಾತ್ರಿಗಳಲ್ಲೂ ತೇವ ಅಷ್ಟಿರುವುದು ಸಾಮಾನ್ಯ. ವಿಜಯಪುರದಲ್ಲೋ ಬಳ್ಳಾರಿಯಲ್ಲೋ ಇರುವ ನಿಮ್ಮ ಬಂಧುಗಳು ಅದೇ ಹಿಟ್ಟಿನಲ್ಲಿ ಮಾಡಿದರೆ ಗಟ್ಟಿ ನಿಲ್ಲುತ್ತದೆ. ಇನ್ನೊಂದು ಎಚ್ಚರಿಕೆ, ಮನೆಯಲ್ಲಿ ನಾಯಿ ಇದ್ದರೆ ಆ ಹಿಟ್ಟು ತಿನ್ನಲು ಬಿಡಬೇಡಿ. ಅಷ್ಟು ಉಪ್ಪು ಅದಕ್ಕೆ ವಿಷ.

ಅದರ ಬದಲು ಕಾಗದದ ತಿರುಳು ಮಾಡಿ. ಹಳೇ ಪೇಪರನ್ನು ಚೂರು ಮಾಡಿ ಎರಡು ದಿನ ನೆನೆಸಿ, ಹಿಂಡಿ, ರುಬ್ಬಿ, ಮೈದಾ ಗಂಜಿ ಅಥವಾ ನೆನೆಸಿ ರುಬ್ಬಿದ ಮೆಂತ್ಯ ಸೇರಿಸಿ ನಾದಬೇಕು. ಬಯಲುಸೀಮೆಯ ಹಳ್ಳಿಗಳಲ್ಲಿ ಮೊರ, ಬುಟ್ಟಿಗಳಿಗೆ ಕಾಗದ ಮತ್ತು ಮೆಂತ್ಯದ ಹೀಗಿನ ಮುದ್ದೆಯನ್ನೇ ಬಳಿಯುತ್ತಾರೆ, ವರ್ಷಗಟ್ಟಲೆ ಬರುತ್ತದೆ. ಪೇಪರ್ ಹರಿದು ಚೂರು ಮಾಡುವ ಕೆಲಸವನ್ನು 2 ವರ್ಷದ ಮಗನಿಗೆ ಬಿಟ್ಟುಕೊಡಿ. ಅವನು ಹೇಗೂ ಹರಿಯುತ್ತಾನೆ. ಈ ಸಲ ಅವನು ಹರಿದಿದ್ದು ಕುರಿಯಾಗಿ ಗೋದಲಿಯಲ್ಲಿ ನಿಲ್ಲುತ್ತದೆ.

ಮಣ್ಣಿನ ಕುರುಬರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಮಣ್ಣು ಒಳ್ಳೆಯದೇ. ನೇತ್ರಾವತಿಯ ಆಸುಪಾಸಿನ ಜೇಡಿಮಣ್ಣನ್ನು ನಂಬಿಯೇ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು. ಇಷ್ಟು ನುಣುಪಾದ ಮಣ್ಣು ಒಣಗುವಾಗ ಜಾಸ್ತಿ ಕುಗ್ಗುತ್ತದೆ. ನೀವು ಬಹುಶಃ ಗೊಂಬೆಯನ್ನು ಗಟ್ಟಿ ಮುದ್ದೆಯಾಗಿ ಮಾಡಿ ಬಿಸಿಲಿಗೆ ಇಟ್ಟಿರಿ. ಹೊರಗಿನ ಪದರ ಬೇಗ ಒಣಗಿ ಕುಗ್ಗಿತು, ಒಳಗೆ ಇನ್ನೂ ಹಸಿ. ಒಳಗಿನದು ಜಾಗ ಬಿಡಲಿಲ್ಲ, ಹೊರಗಿನದು ಸೀಳಿತು. ಒಣಗುವಾಗಿನ ಬಿರುಕಿಗೆ ಹೆಚ್ಚಾಗಿ ಇದೇ ಕಾರಣ.

ಹಾಗಾಗಿ ನಾಲ್ಕು ಹಿಡಿ ಮಣ್ಣಿಗೆ ಒಂದು ಹಿಡಿ ಜರಡಿ ಹಿಡಿದ ಸಣ್ಣ ಮರಳು ಸೇರಿಸಿ, ಜೊತೆಗೆ ಸಣ್ಣಗೆ ಕತ್ತರಿಸಿದ ಬೈಹುಲ್ಲು ಸ್ವಲ್ಪ. ಗೊಂಬೆ ಅಂಗೈ ಎತ್ತರಕ್ಕಿಂತ ದೊಡ್ಡದು ಬೇಡ. ಅಡಿಯಿಂದ ಹೆಬ್ಬೆರಳು ತೂರಿಸಿ ಹೊಟ್ಟೆಯನ್ನು ಪೊಳ್ಳು ಮಾಡಿ, ಗೋಡೆ ಒಂದು ಸೆಂಟಿಮೀಟರಿನಷ್ಟು ಉಳಿಯಲಿ. ಕೈ, ತಲೆಯನ್ನು ಬೇರೆ ಮಾಡಿ ಅಂಟಿಸುವುದಾದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರು ಮಣ್ಣು ಬೆರೆಸಿದ ಗಂಜಿ ಹಚ್ಚಿ ಒತ್ತಿ. ಮೊದಲ ಎರಡು ದಿನ ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿಡಿ, ಆಮೇಲೆ ಬಟ್ಟೆ ತೆಗೆದು ಮೂರು ನಾಲ್ಕು ದಿನ ನೆರಳಲ್ಲೇ. ಬಿಸಿಲು ಕೊನೆಗೆ ಮಾತ್ರ. ಸುಡದ ಮಣ್ಣು ನೀರು ಬಿದ್ದರೆ ಮತ್ತೆ ಕೆಸರು, ಅದು ನೆನಪಿರಲಿ.

ಎಲ್ಲ ಗೊಂಬೆಗಳೂ ಮನೆಯಲ್ಲೇ ಆಗಬೇಕು ಎಂಬ ಹಟ ಬೇಡ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಗೋದಲಿ ಮಾಡಿದಾಗ ಅಲ್ಲಿ ಇದ್ದದ್ದು ಹುಲ್ಲು ತುಂಬಿದ ಒಂದು ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ಬಾಲಯೇಸು, ಮರಿಯಮ್ಮ, ಜೋಸೆಫರನ್ನು ನಿಮ್ಮ ಮನೆಯ ಹಳೆಯ ಸೆಟ್ಟಿನಿಂದಲೇ ಇಡಿ. ಕುರಿ, ದನ, ಕುರುಬರು ಮಕ್ಕಳ ಕೈಯವು ಇರಲಿ.

ಹಸಿರಿಗೆ ಕಾಡಿನಿಂದ ಪಾಚಿ ಕಿತ್ತು ತರಬೇಡಿ. ಮತ್ತೆ ಬೆಳೆಯಲು ವರ್ಷಗಳೇ ಬೇಕು, ಜೊತೆಗೆ ಇರುವೆ, ಚೇಳುಮರಿಗಳೂ ಮನೆಗೆ ಬರುತ್ತವೆ. ಡಿಸೆಂಬರ್ 13, 14ರ ಹೊತ್ತಿಗೆ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹಾಕಿ, ರಾತ್ರಿ ನೆನೆಸಿದ ಗೋಧಿ ಅಥವಾ ರಾಗಿ ಒತ್ತಾಗಿ ಬಿತ್ತಿ, ದಿನಾ ನೀರು ಚಿಮುಕಿಸಿ. 24ಕ್ಕೆ ಗದ್ದೆ ತಯಾರು. ಗೋಧಿ ಬೇಗ ಎತ್ತರವಾಗುತ್ತದೆ, ರಾಗಿ ನವಿರಾಗಿ ಬರುತ್ತದೆ. ನನಗೆ ರಾಗಿಯೇ ಇಷ್ಟ. ಬೈಹುಲ್ಲು, ಹತ್ತಿ ಎಲ್ಲ ಇರುವ ಗೋದಲಿಯ ಮುಂದೆ ಮೊಂಬತ್ತಿ ಮಾತ್ರ ಬೇಡ. ಪ್ರಾರ್ಥನೆಗೆ ಬೇಕಿದ್ದರೆ ಬೇರೆ ಮೇಜಿನ ಮೇಲೆ, ಎದುರಿಗೆ ಒಬ್ಬರು ಇರುವಾಗ ಮಾತ್ರ.

ಇನ್ನು ಪುಟ್ಟ ಮಗನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲಂಕಾರದ ಸಾಮಾನುಗಳಲ್ಲಿ ನಾಲ್ಕು ನನಗೆ ತುಂಬ ಆತಂಕ ತರುತ್ತವೆ.

ಒಂದು, ಗುಲಗಂಜಿ. ಕೆಂಪು ಕಪ್ಪು ಬೀಜ ಚೆಂದ ಕಾಣುತ್ತದೆ ಅಂತ ಮಕ್ಕಳು ಬೇಲಿಯಿಂದ ಆರಿಸಿ ತಂದು ಹಾರಕ್ಕೆ ಅಂಟಿಸುತ್ತಾರೆ. ಅದನ್ನು ಅಗಿದರೆ ಒಳಗಿರುವುದು ಕೊಲ್ಲುವಂಥ ವಿಷ. ಪೋಣಿಸಲು ತೂತು ಮಾಡಿದ ಬೀಜ ಇನ್ನೂ ಅಪಾಯ, ಯಾಕೆಂದರೆ ಗಟ್ಟಿ ಸಿಪ್ಪೆ ಆಗಲೇ ಒಡೆದಿರುತ್ತದೆ. ಕೆಂಪು ಬೇಕಿದ್ದರೆ ಕಾಗದದ ತಿರುಳಿನ ಉಂಡೆಗೆ ಬಣ್ಣ ಹಚ್ಚಿ. ಎರಡು, ಬಟನ್ ಸೆಲ್ ಹಾಕುವ ಪುಟ್ಟ ದೀಪಗಳು. ನಾಣ್ಯದಂಥ ಆ ಬ್ಯಾಟರಿ ನುಂಗಿ ಗಂಟಲಲ್ಲಿ ಸಿಕ್ಕಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಲು ಶುರುವಾಗುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯಬೇಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಸ್ಕ್ರೂ ಹಾಕಿದ ಮುಚ್ಚಳದ, ದೊಡ್ಡ ಪೆನ್ಸಿಲ್ ಸೆಲ್ಲಿನ ದೀಪ ಮಾತ್ರ ತನ್ನಿ.

ಮೂರನೆಯದು ತುಂಬ ಜನರಿಗೆ ಗೊತ್ತಿಲ್ಲ. ಸಾಂತಾನ ಗಡ್ಡಕ್ಕೆ ಹತ್ತಿ ಅಂಟಿಸಲು ಫೆವಿಕ್ವಿಕ್ ಥರದ ಕ್ಷಣದಲ್ಲಿ ಹಿಡಿಯುವ ಅಂಟು ಬಳಸುತ್ತಾರೆ. ಆ ಅಂಟು ಹತ್ತಿಗೆ ಸೋಕಿದರೆ ಒಮ್ಮೆಲೇ ಬಿಸಿಯಾಗುತ್ತದೆ, ಹೊಗೆಯೂ ಬರಬಹುದು, ಬೆರಳು ಸುಡುತ್ತದೆ. ಹತ್ತಿಗೆ ಯಾವಾಗಲೂ ಮೈದಾ ಅಂಟು ಅಥವಾ ಫೆವಿಕಾಲ್. ನಾಲ್ಕನೆಯದು ಮಣಿ, ಗೆಜ್ಜೆ, ಗಾಳಿಮರದ ಕಾಯಿಗಳು. 4 ಸೆಂಟಿಮೀಟರಿಗಿಂತ ಚಿಕ್ಕದಾದ ಯಾವುದೂ ಅವನ ಕೈಗೆ ಎಟುಕುವಲ್ಲಿ ಇರಬಾರದು. ಗಾಳಿಮರದ ಕೊಂಬೆಯನ್ನೇ ಕ್ರಿಸ್ಮಸ್ ಮರವಾಗಿ ನೆಡುವುದಾದರೆ ಬಕೆಟ್ಟಿಗೆ ಕಲ್ಲು, ಒದ್ದೆ ಮರಳು ತುಂಬಿ ಬುಡ ಭಾರ ಮಾಡಿ, ಕೆಳಗಿನ ಕೊಂಬೆಗಳಿಗೆ ಬಟ್ಟೆಯದ್ದು, ಹಾಳೆಯದ್ದು ಮಾತ್ರ ತೂಗುಹಾಕಿ. ಗ್ಲಿಟರ್ ಪುಡಿ ಬೇಡವೇ ಬೇಡ. ಅದು ಹೆಚ್ಚಾಗಿ ಪ್ಲಾಸ್ಟಿಕ್ಕಿನ ಚೂರೇ, ಕಣ್ಣಿಗೆ ಹೋಗುತ್ತದೆ, ತೊಳೆದರೆ ತೋಡಿಗೆ ಹೋಗುತ್ತದೆ.

ಮಗಳ ಬೇಸರಕ್ಕೆ ಬರುತ್ತೇನೆ. ಶಾಲೆಯಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದು. ಮಗು ಅಂಟಿಸಿದ ಕಾಗದ ಸೊಟ್ಟಗಿದೆ ಅಂತ ಅಮ್ಮ ರಾತ್ರಿ ಬಿಚ್ಚಿ ನೇರ ಮಾಡುತ್ತಾರೆ. ಬೆಳಿಗ್ಗೆ ಮಗುವಿಗೆ ಅದು ಗೊತ್ತಾಗದೆ ಇರುವುದಿಲ್ಲ. ಆಮೇಲೆ ಅದು "ನನ್ನದು" ಅನ್ನುವುದನ್ನು ನಿಲ್ಲಿಸುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗಿದೆ ಎಂದು ಹೇಳುತ್ತಿಲ್ಲ. ಆದರೆ ಈ ವರ್ಷ ಅವಳಿಗೆ ಕೊಟ್ಟ ಕೆಲಸವನ್ನು ಪೂರ್ತಿ ಅವಳಿಗೇ ಬಿಡಿ. ಕಡ್ಡಿಯ ಅಳತೆ ತಪ್ಪಿದರೆ ಕಟ್ಟುವಾಗ ಅವಳಿಗೇ ಕಾಣುತ್ತದೆ, ಅವಳೇ ಬಿಚ್ಚಿ ಸರಿ ಮಾಡುತ್ತಾಳೆ. ಪಕ್ಕದ ಮನೆಯವರ ನಕ್ಷತ್ರದ ಜೊತೆ ಹೋಲಿಕೆ ಬಂದರೆ, ಅದು ಚೆನ್ನಾಗಿದೆ ಅಂತ ಒಪ್ಪಿಕೊಳ್ಳಿ. ಅದರಲ್ಲಿ ಸುಳ್ಳು ಹೇಳುವುದು ಬೇಡ. ನಮ್ಮದು ಅಜ್ಜನಿಗೆ ಗೊತ್ತಿದ್ದ ವಿದ್ಯೆ, ಅದನ್ನು ಈಗ ಅವಳು ಕಲಿತಿದ್ದಾಳೆ ಎನ್ನುವುದೂ ಅಷ್ಟೇ ನಿಜ.

ಎಲ್ಲವನ್ನೂ ಒಂದೇ ವರ್ಷ ಹಿಡಿಯಬೇಡಿ. ನನ್ನನ್ನು ಕೇಳಿದರೆ ಈ ಸಲ ಒಂದು ದೊಡ್ಡ ನಕ್ಷತ್ರ, ಹಾಳೆಯ ಗೋದಲಿ, ರಾಗಿಯ ಗದ್ದೆ, ನಾಲ್ಕು ಕುರಿ. ಗೆರಟೆಯ ಗಂಟೆ ಪುರುಸೊತ್ತಾದರೆ. ಆಗಮನ ಕಾಲದ, ಅಂದರೆ ಕ್ರಿಸ್ಮಸ್ ಮುಂಚಿನ ನಾಲ್ಕು ವಾರಗಳ, ಮೊದಲ ಭಾನುವಾರ ಬಿದಿರು ಸೀಳಿ, ಅದೇ ವಾರ ಪೇಪರ್ ನೆನೆಹಾಕಿ. ಎರಡನೇ ವಾರ ಮಣ್ಣು, ತಿರುಳು, ನಕ್ಷತ್ರ ಕಟ್ಟುವುದು. ಮೂರನೇ ವಾರ ಕಾಗದ ಹೊದಿಸುವುದು. ಕುಸ್ವಾರ್ (ಹಬ್ಬದ ತಿಂಡಿಗಳು) ಮಾಡುವ ದಿನ ಅಲಂಕಾರದ ಕೆಲಸ ಇಟ್ಟುಕೊಳ್ಳಬೇಡಿ. ಎಣ್ಣೆಯಲ್ಲಿ ಕರಿಯುವ ಸುರುಳಿ ತಿಂಡಿ ಕಿಡಿಯೊ ಹೊರಳಿಸಿದ ಎಣ್ಣೆಗೈಯಲ್ಲಿ ಕಾಗದ ಮುಟ್ಟಿದರೆ ಕಲೆಯಾಗುತ್ತದೆ, ಕಾದ ಎಣ್ಣೆ ಬಾಣಲೆಯ ಸುತ್ತ ದಾರ, ಕತ್ತರಿ ಹರಡಿದ್ದರೆ ಅಪಾಯ ಬೇರೆ. ಬಲ್ಬ್ ಹಾಕಿ ನಕ್ಷತ್ರ ಏರಿಸುವುದನ್ನು ಗಂಡ ಬರುವವರೆಗೆ ಉಳಿಸಿ. ಅಷ್ಟು ದೂರದಿಂದ ಬಂದವರಿಗೆ ಎಲ್ಲ ಮುಗಿದ ಮನೆ ಸಿಗುವುದಕ್ಕಿಂತ ಮಾಡಲು ಒಂದು ಕೆಲಸ ಸಿಗುವುದು ಒಳ್ಳೆಯದು.

ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ ನಕ್ಷತ್ರ ಇಳಿಸಿ ಕಾಗದ ಪೂರ್ತಿ ಕಿತ್ತುಬಿಡಿ, ಮೈದಾ ಅಂಟಿಗೆ ಜಿರಲೆ ಬರುತ್ತದೆ. ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಬಿಸಿಲಿಗಿಟ್ಟು, ಐದು ಗಿಡ್ಡ ಕಡ್ಡಿಗಳನ್ನು ಮಾತ್ರ ಬಿಚ್ಚಿದರೆ ನಕ್ಷತ್ರ ಮತ್ತೆ ಚಪ್ಪಟೆಯಾಗುತ್ತದೆ. ಸೌದೆ ಒಲೆ ಇದ್ದರೆ ಅದರ ಮೇಲಿನ ಅಟ್ಟದಲ್ಲಿಡಿ, ಹೊಗೆ ತಾಗಿದ ಬಿದಿರಿಗೆ ಹುಳ ಹತ್ತಿರ ಬರುವುದು ಕಡಿಮೆ. ಗ್ಯಾಸ್ ಮಾತ್ರ ಇದ್ದರೆ ಗೋಡೆಗೆ ತಾಗದ ಹಾಗೆ, ಗಾಳಿ ಆಡುವ ಕಡೆ ತೂಗುಹಾಕಿ. ಕಡ್ಡಿಯ ಕೆಳಗೆ ಹಳದಿ ಪುಡಿ ಉದುರಿದ್ದು ಕಂಡರೆ ಆ ಒಂದು ಕಡ್ಡಿಯನ್ನು ತೆಗೆದು ಒಲೆಗೆ ಹಾಕಿ, ಅಷ್ಟೇ ಅಳತೆಯ ಹೊಸದನ್ನು ಕಟ್ಟಿದರೆ ಆಯಿತು.